ಬೈಕುಲ್ಲಾ ಹೋಟೆಲಿನಲ್ಲಿ ಜಪಾನಿ ಪಾಠ

ಐವತ್ತೆಂಟನೇ ವಯಸ್ಸಿನಲ್ಲಿ ಲ್ಯಾಪ್‌ಟಾಪ್ ಎದುರು ಕೂತು ಜಪಾನಿ ಭಾಷೆ ಕಲಿಯಲು ಹೊರಟವನು ಫಜೀತಿಗಳನ್ನು ಹುಡುಕಿಕೊಂಡು ಹೋಗುವುದು ಬೇಡ, ಅವೇ ವಿಳಾಸ ಕೇಳಿಕೊಂಡು ಬರುತ್ತವೆ.

ತಟ್ಟೆಗೆ ಕೈಮುಗಿದವನು

ಮುಂಬಯಿಯ ಬೈಕುಲ್ಲಾದಲ್ಲಿ ನಮ್ಮದೊಂದು ಉಡುಪಿ ಹೋಟೆಲು. ಹತ್ತಿರದ ಕಾಮಗಾರಿಗೆ ಬಂದಿದ್ದ ಜಪಾನಿ ಎಂಜಿನಿಯರ್ ಒಬ್ಬ ದಿನಾ ಮಸಾಲೆ ದೋಸೆ ತಿಂದು, ಖಾಲಿ ತಟ್ಟೆಗೆ ಕೈಮುಗಿದು, ಏನೋ ಗೊಣಗಿ ಹೋಗುತ್ತಿದ್ದ. ಹೊಗಳಿದನೋ ಶಪಿಸಿದನೋ? ಅದೊಂದೇ ಹುಳ ತಲೆಯಲ್ಲಿ. ಕೊನೆಗೆ ಆನ್‌ಲೈನಿನಲ್ಲಿ ಜಪಾನಿನ ಟೀಚರಮ್ಮನೊಬ್ಬರನ್ನು ಹಿಡಿದೆ. ನಮ್ಮಿಬ್ಬರ ನಡುವೆ ಇದ್ದದ್ದು ಹರಕುಮುರುಕು ಇಂಗ್ಲಿಷು.

"ಅದು ಊಟಕ್ಕೆ ಹೇಳುವ ಥ್ಯಾಂಕ್ಸ್" ಅಂದರು ಮೊದಲ ದಿನವೇ. ಜೀವ ತಣ್ಣಗಾಯಿತು.

ನಾನು ಏನು ಹೇಳಿದರೂ ಅವರು "ಹಾಯ್" ಅನ್ನುತ್ತಿದ್ದರು. ನಾನೂ ಬಿಡದೆ ಪ್ರತಿಸಲ ಕೈಬೀಸಿ "ಹಾಯ್" ಅಂದೆ. ಪಾಠ ಮುಗಿಯುವಾಗ ಗೊತ್ತಾಯಿತು, ಜಪಾನಿಯಲ್ಲಿ ಹಾಯ್ ಅಂದರೆ ಹೌದು. ಅಷ್ಟರಲ್ಲಿ ಅವರು, ಭಾರತದವರು ಹೌದು ಅನ್ನುವಾಗ ಕೈಬೀಸುತ್ತಾರೆ ಅಂತ ಬರೆದಿಟ್ಟುಕೊಂಡಾಗಿತ್ತು.

ಸಾಂಬಾರಿನ ಬಕೆಟು

ಬೆಳಿಗ್ಗೆ ಹೋಟೆಲಿನ ಮೂಲೆ ಟೇಬಲಿನಲ್ಲೇ ಪಾಠ. ಜಪಾನಿಯಲ್ಲೂ ಕನ್ನಡದ ಹಾಗೆಯೇ 'ನಾನು, ನೀರು, ಕುಡಿಯುತ್ತೇನೆ' ಅಂತ ಕ್ರಿಯಾಪದ ಕೊನೆಗೆ ಬರುತ್ತದೆ. ಅದು ತಿಳಿದ ದಿನ ಯಾವುದೋ ನೆಂಟಸ್ತಿಕೆ ಪತ್ತೆಯಾದಷ್ಟು ಖುಷಿ ನನಗೆ. ಟೀಚರಮ್ಮನ ಮುಖ ಮಾತ್ರ ಪೆಚ್ಚಾಗಿತ್ತು.

"ನಿಮ್ಮ ಹಿಂದೆ ಒಬ್ಬರು ಎಲ್ಲರನ್ನೂ ಬೈಯುತ್ತಿದ್ದಾರಲ್ಲ?"

ತಿರುಗಿ ನೋಡಿದೆ. ನಮ್ಮ ಸಪ್ಲಾಯರ್ ಬಕೆಟ್ ಹಿಡಿದು, ಊರ ಕಡೆಯ ಗಿರಾಕಿಗಳ ಹತ್ತಿರ "ಸಾಂಬಾರ್ ಬೇಕಾ? ಬೇಕಾ?" ಅಂತ ಸುತ್ತುತ್ತಿದ್ದ.

"ನಮ್ಮಲ್ಲಿ ಬಕಾ ಅಂದರೆ ಮುಟ್ಠಾಳ" ಅಂದರು ಟೀಚರಮ್ಮ. "ಆದರೂ ನಿಮ್ಮ ಜನ ಎಷ್ಟು ಒಳ್ಳೆಯವರು! ಬೈಸಿಕೊಂಡು ಎಲ್ಲರೂ ತಲೆಯಾಡಿಸುತ್ತಿದ್ದಾರೆ."

ಬಾಯಿಬಿಟ್ಟ ದಿನ

ಆರು ತಿಂಗಳಾದ ಮೇಲೆ ಎಂಜಿನಿಯರನ ಜೊತೆ ಮಾತಾಡುವ ಧೈರ್ಯ ಬಂತು. ಮನೆಗೆ ಬಂದವರು ಹೊರಟಾಗ ತಾವು ಹೇಳುವ ಮಾತನ್ನೇ ಟೀಚರಮ್ಮ ಕಲಿಸಿಕೊಟ್ಟಿದ್ದರು. ಅವನು ಕೈತೊಳೆದು ಬಂದ.

"ಆರಾ, ಮೋ ಕಾಯೆರು ನೋ? ಮಾತಾ ಇರಶ್ಶಾಯ್ ನೇ!" ಅಂದೆ. ಅಯ್ಯೋ, ಇಷ್ಟು ಬೇಗ ಹೊರಟೆಯಾ, ಮತ್ತೆ ಬಾ, ಅಂತ ಅರ್ಥ.

ಅವನು ಗಕ್ಕನೆ ನಿಂತ. ನನ್ನ ಮೀಸೆ ನೋಡಿದ. ಆಮೇಲೆ ಬಿದ್ದು ಬಿದ್ದು ನಕ್ಕ. ಟೀಚರಮ್ಮನಿಗೆ ಎಪ್ಪತ್ತೆರಡು ವರ್ಷ, ನಾನು ಕಲಿತದ್ದು ಅಪ್ಪಟ ಅಜ್ಜಿಯರ ಜಪಾನಿಯಂತೆ!

"ನನ್ನ ಅಜ್ಜಿ ಬಾಗಿಲಲ್ಲಿ ನಿಂತು ಹೀಗೇ ಹೇಳುತ್ತಿದ್ದರು" ಅಂತ ಇಂಗ್ಲಿಷಿನಲ್ಲಿ ಹೇಳಿ ಕಣ್ಣೊರೆಸಿಕೊಂಡ. ಮರುದಿನ ನಾಲ್ವರು ಗೆಳೆಯರನ್ನು ಕರೆತಂದ. ಐವರೂ ಬಗ್ಗಿ ನಮಸ್ಕರಿಸಿ "ಒಬಾಚಾನ್" ಅಂದರು. ಹಾಗೆಂದರೆ ಅಜ್ಜಿ.

"ಅವರು ನಿಮ್ಮನ್ನು ಎಂಥ ಅಂತ ಕರೆಯೂದು?" ಕೌಂಟರಿನಲ್ಲಿದ್ದ ಹೆಂಡತಿ ಕೇಳಿದಳು.

"ಧಣಿಗಳಿಗೆ ಹೇಳುವ ಮಾತು ಮಾರಾಯ್ತಿ" ಅಂದುಬಿಟ್ಟೆ.

ಅವಳು ಹೆಮ್ಮೆಯಿಂದ ಅಡುಗೆಮನೆಗೆಲ್ಲ ಸುದ್ದಿ ಮುಟ್ಟಿಸಿದಳು. ಈಗ ದೋಸೆ ಭಟ್ಟರೂ ಕೈಕಟ್ಟಿ ನಿಂತು ಬಹಳ ಮರ್ಯಾದೆಯಿಂದ ಕೇಳುತ್ತಾರೆ: "ಒಬಾಚಾನ್, ನಾಡಿದ್ದು ಒಂದು ರಜೆ ಸಿಗಬಹುದಾ?"