ರುಬಿನೆಮ್ ಅಜ್ಜಿಯ ಬಟ್ಟೆಯ ಮೇಲೊಂದು ಹನಿ

ಪೊನಿಮಿನ್ ಮಾಡಿದ ತಪ್ಪು ಇಷ್ಟೇ. ಅಜ್ಜಿ ಮನೆಯಲ್ಲಿಲ್ಲದಾಗ ಅವಳ ಚಾಂಟಿಂಗನ್ನು ಕೈಗೆತ್ತಿಕೊಂಡ.

ಬಿದಿರಿನ ಹಿಡಿ, ತುದಿಗೆ ಉಗುರಿನಷ್ಟು ತಾಮ್ರದ ಬಟ್ಟಲು, ಅದಕ್ಕೆ ಸೊಳ್ಳೆಯ ಸೊಂಡಿಲಿನಂಥ ಮೂತಿ. ಕಾದ ಮೇಣ ತುಂಬಿಕೊಂಡು ಅದರಲ್ಲೇ ಬಟ್ಟೆಯ ಮೇಲೆ ಬಟಿಕ್ ಬರೆಯಬೇಕು. ಇಮೋಗಿರಿ ಬೆಟ್ಟದ ಬುಡದ ಆ ಹಳ್ಳಿಯಲ್ಲಿ ಹೆಂಗಸರೆಲ್ಲ ಬರೆಯುವವರೇ. ಕುದುರೆಗಾಡಿ ಹೊಡೆಯುತ್ತಿದ್ದ ಪೊನಿಮಿನ್, ಕುದುರೆ ಸತ್ತ ಮೇಲೆ ನಲವತ್ತೈದನೇ ವಯಸ್ಸಿನಲ್ಲಿ ರುಬಿನೆಮ್ ಅಜ್ಜಿಯ ಮುಂದೆ ಕೈಕಟ್ಟಿ ನಿಂತು ಶಿಷ್ಯನಾಗಿದ್ದ. ಎಂಟು ತಿಂಗಳಲ್ಲಿ ಅವನು ಕಲಿತದ್ದು ಒಂದೇ ವಿದ್ಯೆ, ಮೇಣದ ಒಲೆಗೆ ಬೀಸಣಿಗೆ ಬೀಸುವುದು.

ಆ ದಿನ ಬೆಳಗ್ಗೆ ಅಜ್ಜಿ ಪಕ್ಕದ ಕೇರಿಯ ಸಾವಿನ ಮನೆಗೆ ಹೊರಟವಳು, ಕೆಂಡ ಆರಬಾರದು, ಬಟ್ಟೆ ಮುಟ್ಟಬಾರದು ಎಂದು ಎರಡು ಮಾತು ಹೇಳಿ ಹೋದಳು. ಚೌಕಟ್ಟಿನ ಮೇಲೆ ತೂಗುತ್ತಿದ್ದದ್ದು ಊರ ಮುಖ್ಯಸ್ಥರ ಸೊಸೆಯ ಸೀಮಂತದ ಬಟ್ಟೆ. ಬಸುರಿಗೆ ಸುತ್ತುವ ಏಳು ಬಟ್ಟೆಗಳಲ್ಲಿ ಏಳನೆಯದು, ಅಜ್ಜಿಯ ಐದು ತಿಂಗಳ ದುಡಿಮೆ. ಮೇಣದ ಕೆಲಸ ಮುಗಿದಿತ್ತು, ನಾಳೆ ಬಣ್ಣಕ್ಕೆ ಅದ್ದುವುದೊಂದೇ ಬಾಕಿ. ಮೇಣ ಕೂತ ಕಡೆ ಬಣ್ಣ ಹಿಡಿಯದು, ಬಿಳಿಯಾಗೇ ಉಳಿಯುತ್ತದೆ.

ಪೊನಿಮಿನ್ ಬಟ್ಟೆ ಮುಟ್ಟಲಿಲ್ಲ. ಚಾಂಟಿಂಗಿಗೆ ಮೇಣ ತುಂಬಿದ, ಅಜ್ಜಿಯ ಹಾಗೇ ಮೂತಿಗೆ ಉಫ್ ಎಂದು ಊದಿದ, ಬಟ್ಟೆಯಿಂದ ಗೇಣು ದೂರದಲ್ಲಿ ಗಾಳಿಯಲ್ಲೇ ಒಂದು ಹಕ್ಕಿ ಬರೆದ. ಹಕ್ಕಿ ಬಹಳ ಚೆನ್ನಾಗಿ ಬಂತು. ಖುಷಿಯಿಂದ ಚಾಂಟಿಂಗನ್ನು ಅದರ ಜಾಗದಲ್ಲಿಟ್ಟು ತಿರುಗಿ ನೋಡಿದರೆ, ಬಟ್ಟೆಯ ಕೆಳಮೂಲೆಯ ಬಿಳಿ ಬಯಲಲ್ಲಿ, ಯಾವ ಚಿತ್ತಾರಕ್ಕೂ ಸೇರದ ಒಂದು ಮೇಣದ ಹನಿ.

ಹಿಂದಿನ ಶಿಷ್ಯ ಸರ್ಮಾನ್ ಹೀಗೇ ಒಂದು ಹನಿ ಬೀಳಿಸಿದ್ದ. ಅಜ್ಜಿ ಬೈಯಲಿಲ್ಲ, ಹೊಡೆಯಲಿಲ್ಲ. ಅವನ ಟವಲನ್ನು ನೀಟಾಗಿ ಮಡಚಿ ಹೊಸಿಲಿನ ಆಚೆ ಇಟ್ಟಳು, ಅಷ್ಟೇ. ಮರುದಿನದಿಂದ ಊರಲ್ಲಿ ಯಾರೂ ಸರ್ಮಾನನಿಗೆ ಕೆಲಸ ಕೊಡಲಿಲ್ಲ. ಈಗ ಅವನು ಸಮುದ್ರ ದಾಟಿ ಸುಮಾತ್ರಾದಲ್ಲಿ ಮಾಂಸದುಂಡೆ ಮಾರುತ್ತಾನಂತೆ. ಪೊನಿಮಿನನಿಗೆ ದೋಣಿ ಕಂಡರೇ ವಾಂತಿ.

ಬೇಲಿಯಾಚೆಯಿಂದ ತುಮಿರಾ ಅಕ್ಕ ಇಣುಕಿದಳು. ಆ ಬೇಲಿಯಲ್ಲಿ ಅವಳ ತಲೆ ಹಿಡಿಸುವಷ್ಟು ಸಂದಿ ಖಾಯಂ ಇತ್ತು. "ಯಾಕೋ ತಮ್ಮ, ಮುಖ ಬಿಳುಚಿಕೊಂಡಿದೆ?" ಎಂದವಳಿಗೆ ಅವನು ಏನಿಲ್ಲ ಅಂದ. ಏನಿಲ್ಲ ಅಂದದ್ದೇ ಸಾಕಾಯಿತು, ಒಳಗೇ ಬಂದಳು. ಹನಿ ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡಳು.

"ಸೀಮಂತದ ಬಟ್ಟೇಲಿ ಹನಿ ಬಿದ್ರೆ ಹುಟ್ಟೋ ಮಗೂಗೆ ಅದೇ ಜಾಗದಲ್ಲಿ ಮಚ್ಚೆ ಆಗತ್ತೆ ಕಣೋ. ಹನಿ ಎಷ್ಟು ದಪ್ಪ ಇದ್ಯೋ ಅಷ್ಟು ದಪ್ಪ."

ಅಲ್ಲಿಯವರೆಗೆ ಪೊನಿಮಿನನಿಗೆ ಅಜ್ಜಿಯೊಬ್ಬಳ ಭಯವಿತ್ತು. ಈಗ ಮುಖ್ಯಸ್ಥರ ಭಯವೂ, ಇನ್ನೂ ಹುಟ್ಟದ ಕೂಸಿನ ಭಯವೂ ಸೇರಿದವು.

ತುಮಿರಾ ಹೇಳಿದಂತೆ ಚಮಚದ ಹಿಡಿ ಕಾಯಿಸಿ ಹನಿಗೆ ಒತ್ತಿದ. ಹನಿ ಕರಗಿತು, ಹೋಗಲಿಲ್ಲ. ಅಕ್ಕಿ ಕಾಳಿನಷ್ಟಿದ್ದದ್ದು ಹುಣಸೆ ಬೀಜದಷ್ಟಾಯಿತು. "ಮಗೂ ಗತಿ..." ಎಂದು ತುಮಿರಾ ಬಾಯಿಗೆ ಸೆರಗು ಒತ್ತಿಕೊಂಡಳು.

ಅಷ್ಟರಲ್ಲಿ ನಿವೃತ್ತ ಮಾರ್ಸುಡಿ ಮೇಷ್ಟ್ರು ಬಂದರು. ಮೂವತ್ತು ವರ್ಷ ವಿಜ್ಞಾನ ಕಲಿಸಿದವರು, ಈಗ ಕಲಿಯುವವರಿಲ್ಲದೆ ಊರೆಲ್ಲ ಸುತ್ತುತ್ತಿದ್ದರು. ಬಿಸಿ ಮಾಡಿದ್ದೇ ಮೂರ್ಖತನ, ತಣ್ಣಗೆ ಮಾಡಿದರೆ ಮೇಣ ತಾನೇ ಸಿಡಿದು ಉದುರುತ್ತದೆ ಎಂದು ವಿವರಿಸಿ, ಶರಬತ್ತಿನ ಅಂಗಡಿಯಿಂದ ಮಂಜುಗಡ್ಡೆಯನ್ನೂ ತರಿಸಿದರು. ಪೊನಿಮಿನ್ ಅದನ್ನು ಹನಿಯ ಮೇಲಿಟ್ಟ. ಮೇಣ ಸಿಡಿದದ್ದು ನಿಜ. ಆದರೆ ಸಿಡಿದದ್ದು ಹನಿಯಲ್ಲ, ಪಕ್ಕದಲ್ಲಿ ಅಜ್ಜಿ ಬರೆದಿದ್ದ ಹಕ್ಕಿಯ ಬಾಲ.

ಕೊನೆಗೆ ಮೇಷ್ಟ್ರು ಸೀಮೆಎಣ್ಣೆಯ ಪ್ರಸ್ತಾಪ ತೆಗೆದರು. ಅಜ್ಜಿಯ ಮೂಗು ಗೊತ್ತಿದ್ದ ಪೊನಿಮಿನ್ ಬೇಡವೆಂದು ಕೈಮುಗಿದ. ತುಮಿರಾ ಮಾತ್ರ, ಬೈದುಕೊಂಡೇ, ತನ್ನ ಚಾಂಟಿಂಗ್ ತಂದು ಬಾಲದ ಬಿರುಕುಗಳನ್ನು ಮುಚ್ಚಿಕೊಟ್ಟಳು.

ಆಗಲೇ ಅಂಗಳದಲ್ಲಿ ಮುಖ್ಯಸ್ಥರ ಹೆಂಡತಿಯ ದನಿ ಕೇಳಿತು. ಬಟ್ಟೆ ಹೇಗಾಗಿದೆ, ಒಂದು ಸಲ ನೋಡಿ ಹೋಗೋಣ ಎಂದು ಬಂದಿದ್ದರು. ಪೊನಿಮಿನ್ ಬಾಗಿಲಿಗೆ ಅಡ್ಡ ನಿಂತ. ಬಣ್ಣಕ್ಕೆ ಮುಂಚೆ ಮನೆಯವರು ನೋಡಬಾರದಂತೆ, ಅಜ್ಜಿಯ ಅಪ್ಪಣೆ ಎಂದು ಬಾಯಿಗೆ ಬಂದದ್ದು ಹೇಳಿದ. ಅವರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಆಯ್ತು. ಸಂಜೆ ಅಜ್ಜಿ ಇದ್ದಾಗಲೇ ಬರ್ತೀನಿ" ಎಂದು ಹೊರಟುಹೋದರು.

ಇನ್ನು ಯಾರ ಮಾತೂ ಬೇಡವೆಂದು ಅವನು ಇಬ್ಬರನ್ನೂ ಜಗಲಿಗೆ ಕಳಿಸಿ ಒಬ್ಬನೇ ಕೂತ. ಬಿದಿರು ಕಡ್ಡಿಗೆ ಹತ್ತಿ ಸುತ್ತಿ, ಬಿಸಿನೀರಿನಲ್ಲಿ ಅದ್ದಿ, ಬಟ್ಟೆಯ ಹಿಂಬದಿಯಿಂದ ಒಂದೊಂದೇ ಎಳೆಯನ್ನು ಒರೆಸತೊಡಗಿದ. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಭಯವೇ ಕೈ ಹಿಡಿದು ಮಾಡಿಸಿತು. ಹೊರಗೆ ಯಾರಾದರೂ ಕೆಮ್ಮಿದರೆ ಅಜ್ಜಿ ಬಂದಳೆಂದು ಕಡ್ಡಿಯನ್ನು ಬೆನ್ನ ಹಿಂದೆ ಬಚ್ಚಿಡುತ್ತಿದ್ದ. ಕುತ್ತಿಗೆ ಸೆಟೆದುಕೊಂಡಿತು, ಮಧ್ಯಾಹ್ನದ ಊಟ ಮರೆತುಹೋಯಿತು. ಮೂರು ಗಂಟೆಯ ಹೊತ್ತಿಗೆ ಬಟ್ಟೆಯನ್ನು ಬೆಳಕಿಗೆ ಹಿಡಿದ. ಹನಿ ಇರಲಿಲ್ಲ. ಇದ್ದ ಗುರುತೂ ಇರಲಿಲ್ಲ. ಜಗಲಿಯಿಂದ ಎದ್ದು ಬಂದ ತುಮಿರಾ ಮೂಗು ತಾಗಿಸಿ ನೋಡಿದರೂ ಜಾಗ ಸಿಗಲಿಲ್ಲ. ಮೇಷ್ಟ್ರು, ಎಲ್ಲ ಆ ಮಂಜುಗಡ್ಡೆಯ ಪ್ರಭಾವ ಎಂದರು.

ಆ ಮಾತು ಮುಗಿಯುವುದರೊಳಗೆ ಅಜ್ಜಿ ಹೊಸಿಲಿನ ಮೇಲೆ ನಿಂತಿದ್ದಳು.

ಅವಳು ಕೆಂಡ ನೋಡಿದಳು, ಮೇಣ ನೋಡಿದಳು. ಬಟ್ಟೆಯ ಹತ್ತಿರ ಹೋಗಿ ಕನ್ನಡಕ ಏರಿಸಿಕೊಂಡು ಮೇಲಿಂದ ಕೆಳಗೆ ಬೆರಳಾಡಿಸುತ್ತ ಬಂದಳು. ಬೆರಳು ಕೆಳಮೂಲೆಗೆ ಬಂದು ನಿಂತಿತು. ಹಿಂದೆ ಹೋಯಿತು, ಮತ್ತೆ ಬಂತು.

"ನನ್ನ ಹನಿ ಎಲ್ಲಿ?"

ಪೊನಿಮಿನನಿಗೆ ಮೊದಲು ಮಾತು ಅರ್ಥವಾಗಲಿಲ್ಲ.

"ಬೆಳಗ್ಗೆ ಹೊರಡೋ ಮುಂಚೆ ಇಲ್ಲೊಂದು ಹನಿ ಬಿಟ್ಟು ಹೋಗಿದ್ದೆ. ಬಸುರಿ ಉಡೋ ಬಟ್ಟೆ ಕುಂದಿಲ್ದೆ ಇರಬಾರ್ದು ಅಂತ ನಮ್ಮವ್ವ ಹೇಳ್ಕೊಟ್ಟಿದ್ದು. ನೋಡೋರ ಕಣ್ಣು ಮೊದ್ಲು ಹನಿ ಮೇಲೆ ಬೀಳ್ಬೇಕು, ಮಗೂ ಮೇಲಲ್ಲ. ದೃಷ್ಟಿಬೊಟ್ಟು ಕಣೋ ಅದು. ಯಾರು ತೆಗ್ದಿದ್ದು?"

ತುಮಿರಾ, ತಾನಂತೂ ಬೆಳಗ್ಗೆಯಿಂದ ಬೇಡ ಬೇಡ ಅಂತಲೇ ಇದ್ದೆ ಎಂದಳು. ಮೇಷ್ಟ್ರು ಮಂಜುಗಡ್ಡೆಯ ವಿಷಯ ಎತ್ತಲಿಲ್ಲ. ಅಜ್ಜಿ ಇಬ್ಬರನ್ನೂ ಹೊರಗೆ ಕಳಿಸಿ ಬಾಗಿಲ ಚಿಲಕ ಹಾಕಿದಳು. ಗೂಟದಲ್ಲಿದ್ದ ತನ್ನ ಟವಲಿನ ಕಡೆಗೇ ಪೊನಿಮಿನನ ಕಣ್ಣು ಹೋಯಿತು.

"ನಾನೇ ಅಜ್ಜಿ," ಎಂದ.

ಅಜ್ಜಿ ಬಟ್ಟೆಯ ಹಿಂಬದಿ ತಿರುಗಿಸಿದಳು, ಮೂಸಿದಳು, ಬೆಳಕಿಗೆ ಹಿಡಿದಳು. ಹೇಗೆ ತೆಗೆದೆ ಎಂದು ಕೇಳಿದಳು. ಅವನು ಬಿಸಿನೀರು, ಹತ್ತಿ, ಒಂದೊಂದೇ ಎಳೆ ಎಂದು ತೊದಲಿದ. ಅವಳು, ಬಿದ್ದ ಹನಿಯನ್ನು ಹೀಗೆ ತೆಗೆದವರನ್ನು ಐವತ್ತು ವರ್ಷದಲ್ಲಿ ಕಂಡಿಲ್ಲ ಎಂದಳು. ಪೊನಿಮಿನನ ಎದೆಯಲ್ಲಿ ಸಣ್ಣದೊಂದು ಆಸೆ ಚಿಗುರಿತು. ಇವತ್ತೇ ಚಾಂಟಿಂಗ್ ಕೈಗೆ ಬರಬಹುದು.

ಅಜ್ಜಿ ಅದನ್ನು ತಾನೇ ಎತ್ತಿಕೊಂಡಳು. ಮೇಣ ತುಂಬಿ, ಊದಿ, ಮೂಲೆಯ ಮೇಲೆ ಹಿಡಿದಳು. ಒಂದು ಹನಿ ಬಿತ್ತು. ಕೈ ಹಿಂದೆ ತೆಗೆಯುವಾಗ ಅವಳ ಮಣಿಕಟ್ಟು ಗಡಗಡ ಅಲುಗಿತು, ಪಕ್ಕದಲ್ಲೇ ಇನ್ನೊಂದು ಹನಿ ಬಿತ್ತು.

ಅಜ್ಜಿ ಮಂಚದ ಕೆಳಗಿನ ಪೆಟ್ಟಿಗೆ ಎಳೆದು ಮುಚ್ಚಳ ತೆಗೆದಳು. ಒಳಗೆ ಬಣ್ಣ ಕಾಣದ ಹನ್ನೊಂದು ಬಟ್ಟೆಗಳು, ಅವುಗಳ ತುಂಬ ಎಲ್ಲೆಂದರಲ್ಲಿ ಹನಿಗಳು.

"ಎರಡು ವರ್ಷದಿಂದ ಕೈ ಹಿಂಗೆ. ಇಷ್ಟು ಕೆಟ್ಟ ಮೇಲೆ ಇದೊಂದು ಬಟ್ಟೆ ಹೆಂಗೋ ಉಳೀತು. ಊರಲ್ಲಿ ಯಾರಿಗೂ ಗೊತ್ತಿಲ್ಲ, ಗೊತ್ತಾಗಲೂಬಾರ್ದು. ಇವೆಲ್ಲ ನೀನು ತೆಗೀಬೇಕು, ಮಗಾ. ಕದ ಹಾಕ್ಕೊಂಡು."

"ಹಂಗಾದ್ರೆ ಬರೆಯೋದು ಯಾವಾಗ ಕಲಿಸ್ತೀಯ ಅಜ್ಜಿ?"

"ಬರೆಯೋರು ಊರ ತುಂಬ ಇದಾರೆ. ಕೇಳ್ದೋರಿಗೆ ಬೀಸಣಿಗೆ ಬೀಸ್ತೀನಿ ಅಂತ್ಲೇ ಹೇಳು. ಈಗ ಇದ್ರಲ್ಲಿ ಎರಡನೇ ಹನಿ ತೆಗಿ. ನನ್ನ ಹನಿ ಮುಟ್ಟಬೇಡ, ಮುಟ್ಟಿದ್ರೆ ಮಗೂಗೆ ಆಗಿಬರಲ್ಲ."

ಹೊರಗೆ ಮುಖ್ಯಸ್ಥರ ಹೆಂಡತಿ ಬಾಗಿಲು ತಟ್ಟಿದರು. ಅಜ್ಜಿ ಸೆರಗು ಸರಿಮಾಡಿಕೊಂಡು ಅವರನ್ನು ಅಂಗಳದಲ್ಲೇ ತಡೆಯಲು ಹೋದಳು. ಪೊನಿಮಿನ್ ಕಡ್ಡಿಗೆ ಹತ್ತಿ ಸುತ್ತಿಕೊಂಡು ಬಟ್ಟೆಯ ಮೇಲೆ ಬಗ್ಗಿದ. ಎರಡು ಹನಿಗಳೂ ಅವಳಿಜವಳಿಯಂತೆ ಪಕ್ಕಪಕ್ಕ ಕೂತಿದ್ದವು. ಮೊದಲು ಬಿದ್ದದ್ದು ಎಡಗಡೆಯದೋ ಬಲಗಡೆಯದೋ, ಎಷ್ಟು ನೋಡಿದರೂ ಅವನಿಗೆ ನೆನಪಾಗಲಿಲ್ಲ.