ಗೋಡೆ ಬಿರಿದದ್ದು ಮಂಗಳವಾರ

ವಿಮಾ ಕಂಪನಿಯಿಂದ ಇಪ್ಪತ್ತೆಂಟು ಸಾವಿರ ಡಾಲರ್ ಕಕ್ಕಿಸದಿದ್ದರೆ ನನ್ನ ಹೆಸರು ಒರೆಸ್ಟ್ ಅಲ್ಲ ಎಂದು, ನೆಲಮಾಳಿಗೆಯಲ್ಲಿ ಪಾದ ಮುಳುಗುವಷ್ಟು ನೀರಿನಲ್ಲಿ ನಿಂತು ಘೋಷಿಸಿದೆ.

“ಹೆಸರಿನ ವಿಷ್ಯ ಆಮೇಲೆ. ಮೊದ್ಲು ನೆಲ ಒರೆಸು, ಒರೆಸ್ಟ್,” ಎಂದಳು ನನ್ನ ಹೆಂಡತಿ ಸ್ಲಾವ್ಕಾ ಮೆಟ್ಟಿಲ ಮೇಲಿಂದ.

ಜನವರಿ ತಿಂಗಳು, ಹೊರಗೆ ಮೈನಸ್ ಮೂವತ್ತೆಂಟು. ನೀರಿನ ಪೈಪು ಹೆಪ್ಪುಗಟ್ಟಿ ಒಡೆದಿತ್ತು. ಬೇರೆಯವರಾಗಿದ್ದರೆ ಅಳುತ್ತಿದ್ದರು. ನನಗೆ ಮಾತ್ರ ಆ ಪೈಪಿನ ಮೇಲೆ ಅಪಾರ ಪ್ರೀತಿ ಉಕ್ಕಿತು.

ಕಾರಣವಿದೆ. ನಮ್ಮ ವಿನ್ನಿಪೆಗ್‌ನ ಜೇಡಿಮಣ್ಣು ಒಣಗಿದರೆ ಕುಗ್ಗುತ್ತದೆ, ನೀರು ಕುಡಿದರೆ ಉಬ್ಬುತ್ತದೆ, ಮನೆಯೂ ಅದರ ತಾಳಕ್ಕೆ ಏರಿಳಿಯುತ್ತದೆ. ಜುಲೈ ಬಂತೆಂದರೆ ನಮ್ಮ ಬೀದಿಯವರೆಲ್ಲ ಹೂವಿನ ಗಿಡ ಬಿಟ್ಟು ಮನೆಯ ಬುಡಕ್ಕೆ ನೀರು ಹಾಯಿಸುತ್ತೇವೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮ ಮನೆಯಲ್ಲಿ ಚೆನ್ನಾಗಿ ಕುಣಿಯುವವಳೂ ಹಾಗೆಯೇ ಅನ್ನಬೇಕು. ಅಡಿಪಾಯದ ಗೋಡೆ ಬಿರುಕು ಬಿಟ್ಟು ಹನ್ನೊಂದು ವರ್ಷವಾಗಿದೆ. ರಿಪೇರಿಯವನು ಇಪ್ಪತ್ತೆಂಟು ಸಾವಿರ ಕೇಳಿದ್ದಾನೆ, ಅದರಲ್ಲಿ ಆರು ಸಾವಿರ ಮುಂಗಡ. ನಿಧಾನವಾಗಿ ಆದ ಹಾನಿಗೆ ವಿಮೆಯವರು ಚಿಕ್ಕಾಸೂ ಕೊಡುವುದಿಲ್ಲ. ಹಠಾತ್ತಾಗಿ ಆದದ್ದಕ್ಕೆ ಮಾತ್ರ ಕೊಡುತ್ತಾರೆ. ಪೈಪು ಒಡೆದದ್ದು ಹಠಾತ್ತಾಗಿ, ಮಂಗಳವಾರ. ಅದರ ಹೊಡೆತಕ್ಕೇ ಗೋಡೆಯೂ ಬಿರಿಯಿತು ಎಂದುಬಿಟ್ಟರೆ ಆಯಿತು.

“ಗೋಡೆ ಬಿರಿದು ಹನ್ನೊಂದು ವರ್ಷ ಆಯ್ತಲ್ಲ?” ಎಂದಳು ಸ್ಲಾವ್ಕಾ, ನನ್ನ ಉಪಾಯ ಕೇಳಿ.

“ಬಿರಿದದ್ದು ಮಂಗಳವಾರ.”

“ಯಾವ ವರ್ಷದ ಮಂಗಳವಾರ?” ಎಂದಳು. “ನೋಡು, ನಾನು ಸುಳ್ಳು ಹೇಳಲ್ಲ, ಬಾಯೂ ಬಿಡಲ್ಲ. ಆದ್ರೆ ವಿಮೆಯವ್ರು ಕೊಡ್ಲಿಲ್ಲ ಅಂದ್ರೆ, ಮುಂಗಡಕ್ಕೆ ನಿನ್ನ ಮೀನಿನ ಗುಡಿಸಲು ಮಾರ್ಬೇಕು. ಅಡುಗೆಮನೆಗೆ ಅಂತ ನಾನು ಕೂಡಿಟ್ಟ ದುಡ್ಡು ಮುಟ್ಟೋ ಹಾಗಿಲ್ಲ.”

ಹದಿನೆಂಟು ಚಳಿಗಾಲ ಆ ಮರದ ಗುಡಿಸಲನ್ನು ಹೆಪ್ಪುಗಟ್ಟಿದ ಸರೋವರದ ಮೇಲಕ್ಕೆ ಎಳೆದುಕೊಂಡು ಹೋಗಿದ್ದೇನೆ. ಒಳಗೆ ಪುಟ್ಟ ಒಲೆ ಹೊತ್ತಿಸಿ, ಮಂಜುಗಡ್ಡೆಯ ತೂತಿಗೆ ಗಾಳ ಇಳಿಬಿಟ್ಟು ಕೂತರೆ ನನಗೆ ಸ್ವರ್ಗವೂ ಬೇಡ. ಆದರೂ ಒಪ್ಪಿಕೊಂಡೆ. ಗೆಲ್ಲುವವನಿಗೆ ಎಂಥ ಭಯ?

ಒಂದೇ ಒಂದು ತೊಡಕಿತ್ತು. ಪ್ರತಿ ವಸಂತದಲ್ಲೂ ಪ್ರತಿ ಶರತ್ಕಾಲದಲ್ಲೂ ಬಿರುಕು ಎಲ್ಲಿಯವರೆಗೆ ಬಂದಿದೆ ಎಂದು ಗೋಡೆಯ ಮೇಲೆಯೇ ಪೆನ್ಸಿಲಿನಿಂದ ಗೆರೆ ಎಳೆದು, ಅಗಲ ಅಳೆದು, ತಾರೀಖು ಬರೆದಿದ್ದೆ. ಇಪ್ಪತ್ತೆರಡು ಗೆರೆಗಳು. ಅಳಿಸಲು ಮನಸ್ಸು ಬರಲಿಲ್ಲ. ಅರ್ಧ ಜಿಂಕೆ ತುಂಬಿದ ಫ್ರೀಜರನ್ನು ದಬ್ಬಿ ಗೆರೆಗಳಿಗೆ ಅಡ್ಡ ನಿಲ್ಲಿಸಿದೆ. ಸೊಂಟ ಹಿಡಿದುಕೊಂಡಿತು, ಹಠಾತ್ತಾಗಿ.

ಶುಕ್ರವಾರ ವಿಮೆಯ ಪರೀಕ್ಷಕ ಗಾರ್ತ್ ಪೆನ್ನರ್ ಬಂದ. ಸ್ಲಾವ್ಕಾ ಅನ್ನ, ಮಾಂಸ ತುಂಬಿದ ಎಲೆಕೋಸಿನ ಸುರುಳಿ ಬಡಿಸಿದಳು. ಆರು ತಿಂದು, ಕೆಳಗಿಳಿದು, ಫ್ರೀಜರಿನ ಮೇಲ್ಗಡೆ ಕಾಣುತ್ತಿದ್ದ ಬಿರುಕಿಗೆ ಟಾರ್ಚು ಬಿಟ್ಟ.

“ಮಂಗಳವಾರಾನೇ ಆಗಿದ್ದಾ?”

“ಮಂಗಳವಾರಾನೇ. ಢಮ್ ಅಂತು.”

“ಸರಿ,” ಎಂದು ಬರೆದುಕೊಂಡ. ಸಹಿಗೆ ಪೆನ್ನು ಎತ್ತಿದ ಪೆನ್ನರ್, ಸುಮ್ಮನೆ ನಿಟ್ಟುಸಿರು ಬಿಟ್ಟ. “ಈ ಊರಲ್ಲಿ ಯಾರೂ ಗೋಡೆ ಕಡೆ ತಿರುಗಿ ನೋಡಲ್ಲ ಸಾರ್. ಇಪ್ಪತ್ತು ವರ್ಷದಿಂದ ತಿರುಗ್ತಿದ್ದೀನಿ, ಅಳತೆ ಬರೆದಿಟ್ಟೋರು ಒಬ್ರೂ ಸಿಕ್ಕಿಲ್ಲ.”

“ಒಬ್ರೂ?”

“ಒಬ್ರೂ ಇಲ್ಲ. ಅಷ್ಟು ಶ್ರದ್ಧೆ ಯಾರಿಗಿದೆ ಹೇಳಿ?”

ಹಿಂದಿನಿಂದ ಸ್ಲಾವ್ಕಾ ನನ್ನ ಅಂಗಿ ಜಗ್ಗಿದಳು. ಮೌನ ಬಂಗಾರವಂತೆ, ಆದರೆ ನನಗೆ ಬಂಗಾರದ ಆಸೆ ಎಂದೂ ಇರಲಿಲ್ಲ. ಸೊಂಟ ನೋವನ್ನೂ ಮರೆತು ಫ್ರೀಜರನ್ನು ಪಕ್ಕಕ್ಕೆ ಎಳೆದೆ.

ಪೆನ್ನರ್ ಮಂಡಿಯೂರಿ ಇಪ್ಪತ್ತೆರಡನ್ನೂ ಭಕ್ತಿಯಿಂದ ಓದಿದ. ಎದ್ದು ನನ್ನ ಕೈ ಕುಲುಕಿದ. ಆಮೇಲೆ ಮಂಗಳವಾರವನ್ನು ಹೊಡೆದುಹಾಕಿದ.

ಎರಡು ವಾರದಲ್ಲಿ ಪತ್ರ ಬಂತು. ಒದ್ದೆಯಾದ ನೆಲಹಾಸಿಗೆ ಒಂಬೈನೂರು, ಗೋಡೆಗೆ ಸೊನ್ನೆ. ಗುಡಿಸಲು ಆರು ಸಾವಿರಕ್ಕೆ ಮಾರಾಟಕ್ಕಿದೆ ಎಂದು ಜಾಹೀರಾತು ಕೊಟ್ಟೆ. ಮೊದಲು ಬಂದವನು ಯಾರು ಅಂದುಕೊಂಡಿರಿ? ಪೆನ್ನರ್.

“ಅವತ್ತೇ ನಿಮ್ಮ ಅಂಗಳದಲ್ಲಿ ನೋಡಿ ಆಸೆಪಟ್ಟಿದ್ದೆ,” ಎಂದು ಗುಡಿಸಲಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. “ಇದರದ್ದೂ ಏನಾದ್ರೂ ಬರೆದಿಟ್ಟಿದ್ದೀರಾ? ಇಲ್ಲಾ ಅದೆಲ್ಲ ಗೋಡೆಗೆ ಮಾತ್ರಾನಾ?”

ನನಗೆ ರೋಷ ಬಂತು. ಒಳಗೆ ಓಡಿ ನೋಟ್‌ಬುಕ್ ತಂದು ಅವನ ಕೈಗಿತ್ತೆ. ಸೋರಿದ ಸೂರು, ಮಂಜಿನ ಮೇಲೆ ಎಳೆಯಲು ಅಡಿಗೆ ಬಡಿದಿದ್ದ ಸೀಳಿದ ಜಾರುಪಟ್ಟಿ, ಕೊಳೆತ ಬಾಗಿಲು, ಹದಿನೆಂಟು ವರ್ಷದ್ದೂ ತಾರೀಖು ಸಮೇತ ಅದರಲ್ಲಿತ್ತು. ಅವನು ಪುಟ ತಿರುವಿದಂತೆಲ್ಲ ಬೆಲೆ ಇಳಿಯಿತು. ಕೊನೆಯ ಪುಟಕ್ಕೆ ಎರಡು ಸಾವಿರದ ನೂರಕ್ಕೆ ಬಂದು ನಿಂತಿತು.

ಗುಡಿಸಲು ಅವನ ಗಾಡಿಯ ಹಿಂದೆ ಬೀದಿಯ ತಿರುವು ದಾಟುವವರೆಗೆ ನೋಡುತ್ತ ನಿಂತೆ. ಸ್ಲಾವ್ಕಾ ಹೊರಗೆ ಬಂದು ನೋಟು ಎಣಿಸಿದಳು. ಇನ್ನೊಮ್ಮೆ ಎಣಿಸಿದಳು.

“ಇಷ್ಟೇನಾ? ಮತ್ತೇನು ಕೊಟ್ಟ?”

“ಅಕ್ಷರ ಮುತ್ತಿನ ಹಾಗಿದೆ ಅಂದ,” ಎಂದೆ.