ನಾಲ್ಕು ತಂತಿಯ ಗಿರಣಿ

ಮೈಲಾರಿ ಜೋಳ ಹಸನು ಮಾಡುತ್ತಿದ್ದ. ಮೊರದ ಅಂಚಿಗೆ ಕಲ್ಲು ಸರಿಸುವುದು, ಕಾಳನ್ನು ಒಳಗೆ ತಳ್ಳುವುದು, ಮತ್ತೆ ಕೇರುವುದು. ಹಿತ್ತಲ ಗೋಡೆಗೆ ಹತ್ತಿಕೊಂಡೇ ಗುಡದಪ್ಪನ ಹಿಟ್ಟಿನ ಗಿರಣಿ ಇತ್ತು, ಆದರೆ ಅದರ ಮೋಟಾರು ಸುಟ್ಟು ವಾರವಾಗಿತ್ತು. ಹಸನಾದ ಜೋಳವನ್ನು ಬೀಸುವವರು ಮೊರಬ ಊರಿನಲ್ಲಿ ಸದ್ಯಕ್ಕೆ ಯಾರೂ ಇರಲಿಲ್ಲ. ಆದರೂ ಹೆಂಡತಿ ಮಹಾನಂದಾ ಅವನನ್ನು ಮೊರದ ಮುಂದೆ ಕೂಡ್ರಿಸಿದ್ದಳು. ಸುಮ್ಮನೆ ಕುಳಿತ ಗಂಡನಿಗಿಂತ ಕಲ್ಲು ಆರಿಸುವ ಗಂಡ ಲೇಸು ಎಂಬುದು ಅವಳ ಮತ.

ಆಗ ಹುಬ್ಬಳ್ಳಿಯಿಂದ ಗುಲಾಮಹುಸೇನನ ಫೋನು ಬಂತು. ವಾದ್ಯಗಳ ಅಂಗಡಿ ಇಟ್ಟುಕೊಂಡೇ ಮುದುಕನಾದವನು ಅವನು.

"ಮೈಲಾರಿ, ಅಂಗಡಿ ಮುಚ್ಚಾಕತ್ತೇನಿ. ಐತವಾರ ಗ್ವಾಡಿ ಖಾಲಿ ಮಾಡತೇನಿ. ಎಲ್ಲಾರ ಪತ್ರಾನೂ ಮನಿಗೆ ಒಯ್ಯಾವ. ನಿನ್ನ ಕಟ್ಟು ಒಂದ ಖಾಲಿ ಉಳದೈತಿ ನೋಡು."

"ಬರೀತೇನ್ರಿ ಚಾಚಾ."

"ನೀ ಹಿಂಗ ಅನ್ಕೋತನ ನನ್ನ ಹಲ್ಲು ಉದುರಿದವು."

ಆ ಅಂಗಡಿಯದೊಂದು ಪದ್ಧತಿ. ನವಲಗುಂದ, ಕುಂದಗೋಳ, ಅಣ್ಣಿಗೇರಿ ಕಡೆಯ ಆರ್ಕೆಸ್ಟ್ರಾದವರು ಅಲ್ಲಿ ವಾದ್ಯ ಕೊಂಡು, ಊರೂರು ನುಡಿಸಿ, ಕಡೆಗೆ ಒಂದು ಪತ್ರ ಬರೆದುಕೊಡಬೇಕು. ಎಲ್ಲಿ ನುಡಿಸಿದೆ, ಕೇಳಿದವರು ಏನಂದರು, ಇಷ್ಟೇ. ಗುಲಾಮಹುಸೇನ ಅದಕ್ಕೆ ಗಾಜಿನ ಕಟ್ಟು ಹಾಕಿಸಿ ಗೋಡೆಗೆ ತೂಗು ಹಾಕುತ್ತಿದ್ದ. ಕುಂದಗೋಳದಲ್ಲಿ ಹಿರಿಯರು ಕಣ್ಣೀರು ಹಾಕಿದರೆಂದು ಹಾರ್ಮೋನಿಯಮ್‌ನವನು ಬರೆದಿದ್ದ. ತನ್ನ ಹೊಡೆತಕ್ಕೆ ಒಂದು ಎಮ್ಮೆ ಹಗ್ಗ ಹರಕೊಂಡು ಓಡಿತೆಂದು ಡ್ರಮ್ಮಿನವನು ಬರೆದಿದ್ದ. ಅದಕ್ಕೂ ಕಟ್ಟು ಹಾಕಿಸಿದ್ದರು.

ಮೈಲಾರಿ ನುಡಿಸುತ್ತಿದ್ದುದು ಬೇಸ್ ಗಿಟಾರು, ಆರರ ಬದಲು ನಾಲ್ಕೇ ದಪ್ಪ ತಂತಿಯದು, ಹಾಡಿನ ಕೆಳಗೆ ಮಂದ್ರದಲ್ಲಿ ನಡೆಯುವಂಥದು. ಆಗ ಹುಬ್ಬಳ್ಳಿಯಲ್ಲಿ ಅದು ಸಿಗುತ್ತಿರಲಿಲ್ಲವೆಂದು ಗುಲಾಮಹುಸೇನ ತಾನೇ ಮಾಡಿಕೊಟ್ಟಿದ್ದ. ಯಾರದೋ ಕೆಡವಿದ ಮನೆಯ ಸಾಗವಾನಿ ಬಾಗಿಲನ್ನು ಕೊರೆದು ಮೈ ಮಾಡಿದ. ತಂತಿಯ ಕೆಳಗೆ ದನಿ ಹಿಡಿಯುವ ತಾಮ್ರದ ಸುರುಳಿಯನ್ನು ಪಂಪಿನ ಮೋಟಾರು ಸುತ್ತುವವನಿಂದ ಸುತ್ತಿಸಿದ. ತಂತಿಗಳು ಮುಂಬಯಿಯಿಂದ ಒಂದೊಂದೇ ಬರುತ್ತಿದ್ದವು, ತೆಳ್ಳನೆ ಕಾಗದದಲ್ಲಿ ಸುತ್ತಿಕೊಂಡು, ಆಸ್ಪತ್ರೆಯಿಂದ ಬಂದ ಕೂಸಿನಂತೆ. ದನಿ ಮಂದವಾದಾಗ ಹೊಸದು ತರಲಾಗದೆ, ಹಳೆಯದನ್ನೇ ಸೋಡಾ ಹಾಕಿ ಕುದಿಸಿ ಒರೆಸಿ ಏರಿಸುತ್ತಿದ್ದರು. ಗಿಟಾರು ಮುಗಿದ ದಿನ ಗುಲಾಮಹುಸೇನ ಗಾಜಿನ ಕಪಾಟಿಗೆ ಅಂಗೈ ಹಚ್ಚಿ ನಿಂತಿದ್ದ. ಮೈಲಾರಿ ದಪ್ಪ ತಂತಿ ಮೀಟಿದೊಡನೆ ಗಾಜು ನಡುಗಿತು. ಮುದುಕ ಚಹಾ ತರಿಸಿದ. ಆ ಅಂಗಡಿಯ ಪಾಲಿಶ್ಶಿನ ವಾಸನೆ, ಸೀಸ ಕಾಯಿಸಿದ ಹೊಗೆ, ಚಹಾದ ಶುಂಠಿ ಇವು ಮೈಲಾರಿಯ ಮೂಗಿನಲ್ಲಿ ಇವತ್ತಿಗೂ ಉಳಿದಿದ್ದವು.

ಉಳಿಯದೆ ಹೋದದ್ದು ಒಂದೇ. ಆರ್ಕೆಸ್ಟ್ರಾ ಇದ್ದಷ್ಟು ವರ್ಷ ಜನ ಹಾಡುವವರನ್ನು ಹೊಗಳಿದರು, ಬ್ಯಾಂಜೋದವನನ್ನು ಹೊಗಳಿದರು, ಸೀರಿಯಲ್ ದೀಪ ಕಟ್ಟಿದವನನ್ನೂ ಹೊಗಳಿದರು. ಬೇಸ್ ಕೇಳಿಸಿತೆಂದು ಒಬ್ಬರೂ ಹೇಳಲಿಲ್ಲ. ಮೈಲಾರಿಯ ಹತ್ತಿರ ಬಂದವರೆಲ್ಲ ಗಿಟಾರನ್ನು ದಿಟ್ಟಿಸಿ, ಎರಡು ತಂತಿ ಕಡಿದಿವೆ, ಹಾಕಿಸಿಕೋ ಎಂದು ಹೇಳಿ ಹೋಗುತ್ತಿದ್ದರು. ಕೇಳಿದವರು ಏನೆಂದರು ಎಂದು ಬರೆಯಬೇಕಾದರೆ ಕೇಳಿದವರೊಬ್ಬರಾದರೂ ಬೇಕು. ಸುಳ್ಳು ಬರೆಯಲು ಅವನಿಗೆ ಮನಸ್ಸಾಗಲಿಲ್ಲ. ಹಾಗಾಗಿ ಕಟ್ಟು ಖಾಲಿ ಉಳಿಯಿತು.

ಐತವಾರದೊಳಗೆ ಮುಟ್ಟಬೇಕಾದರೆ ಪತ್ರ ಇವತ್ತೇ ಹೋಗಬೇಕು. ಟಪಾಲಿನ ಯಲ್ಲೇಶ ಮಧ್ಯಾಹ್ನ ಓಣಿಗೆ ಬರುವನು. ಅಷ್ಟರೊಳಗೆ ಕೇಳಿದವರೊಬ್ಬರನ್ನು ದೊರಕಿಸಬೇಕು. ಮೈಲಾರಿ ಮೊರ ಬದಿಗಿಟ್ಟು ಎದ್ದ.

ಗಿಟಾರು ಅಟ್ಟದ ಮೇಲೆ ಗೋಣಿಚೀಲದಲ್ಲಿತ್ತು. ಆಂಪ್ಲಿಫೈಯರ್ ಕೆಮ್ಮಿಕೊಂಡಾದರೂ ಹತ್ತಿಕೊಂಡಿತು. ತೊಂದರೆಯಾದದ್ದು ಸ್ಪೀಕರ್ ಪೆಟ್ಟಿಗೆಯಲ್ಲಿ. ಅದರ ಹಿಂಬದಿಯ ಹಲಗೆ ಎಂದೋ ಒಲೆ ಸೇರಿತ್ತು, ಒಳಗೆ ಕೋಳಿ ಕಾವಿಗೆ ಕುಳಿತಿತ್ತು. ಅದನ್ನು ತತ್ತಿ ಸಮೇತ ಬುಟ್ಟಿಗೆ ಇಳಿಸಿ, ಸ್ವಲ್ಪ ಹೊತ್ತು ತಾಳಿಕೋ ಎಂದು ಹೇಳಿ, ಮೈಲಾರಿ ದಪ್ಪ ತಂತಿಯನ್ನು ಮೀಟಿದ. ಕೋಳಿ ಎದ್ದು, ಊಟ ಬಿಟ್ಟು ಹೋಗುವ ಬೀಗರಂತೆ ಯಾರ ಮುಖವನ್ನೂ ನೋಡದೆ ಅಂಗಳ ದಾಟಿ ಹೋಯಿತು.

ಮಹಾನಂದಾ ಬಂದು ಬಾಗಿಲಲ್ಲಿ ನಿಂತಳು.

"ಕೇಳಿಸ್ತೇನು?" ಎಂದು ಮೈಲಾರಿ ಕೇಳಿದ.

"ಗ್ವಾಡಿ ಮಾಡದಾಗಿನ ಡಬ್ಬಿ ಬಿತ್ತು. ಅದು ಕೇಳಿಸ್ತು."

ಅವನು ಗುಂಡಿಯನ್ನು ಇನ್ನಷ್ಟು ತಿರುವಿದ. ಬೇಸ್ ಒಂದನ್ನೇ ನುಡಿಸಿದರೆ ಅದು ಮದುಮಗನಿಲ್ಲದ ನಿಬ್ಬಣ, ಹಾಡು ಹುಟ್ಟುವುದಿಲ್ಲ. ಆದರೂ ಅವನು ಕಣ್ಣು ಮುಚ್ಚಿ, ಒಂದೇ ಸಮನೆ, ನಿಲ್ಲಿಸದೆ ಮೀಟುತ್ತ ಹೋದ. ನೆಲ ಗುಂಯ್ ಅಂದಿತು. ಗೋಡೆ ಗುಂಯ್ ಅಂದಿತು. ಎಷ್ಟು ಹೊತ್ತಿನ ಮೇಲೋ ಕಣ್ಣು ತೆರೆದರೆ ಅಂಗಳದ ತುಂಬ ಹೆಂಗಸರು. ಬಾಗಿಲಿನಾಚೆ ಓಣಿಯಲ್ಲೂ ಸಾಲು ನಿಂತಿತ್ತು. ಎಲ್ಲರೂ ಸುಮ್ಮನೆ, ಭಕ್ತಿಯಿಂದ ನಿಂತಿದ್ದರು. ಮೈಲಾರಿ ಬೆನ್ನು ನೆಟ್ಟಗೆ ಮಾಡಿ ಕುಳಿತ. ಇಷ್ಟು ವರ್ಷಕ್ಕಾದರೂ ಕೇಳಲು ಬಂದರಲ್ಲ ಎಂದುಕೊಂಡ.

ಮುಂದಿದ್ದವಳು ತಲೆಯ ಮೇಲಿನ ಡಬ್ಬಿ ಇಳಿಸಿ ಅವನ ಕಾಲ ಬಳಿ ಇಟ್ಟಳು.

"ಸ್ವಲ್ಪ ಸಣ್ಣಗ ಬೀಸ್ರಿ. ಹ್ವಾದ ಸಲದ್ದು ತರಿ ಆಗಿ ರೊಟ್ಟಿ ಹರದು ಹ್ವಾದವು."

ಆ ಓಣಿಯಲ್ಲಿ ಗಿರಣಿ ನಡೆದಿದೆಯೋ ಇಲ್ಲವೋ ಎಂದು ಯಾರೂ ಹೋಗಿ ನೋಡುವುದಿಲ್ಲ. ಮನೆಯಲ್ಲಿ ಕುಳಿತಿರುತ್ತಾರೆ, ಗೋಡೆ ಗುಂಯ್ ಅಂದರೆ ಡಬ್ಬಿ ಹೊತ್ತು ಏಳುತ್ತಾರೆ. ವಾರದಿಂದ ಅನ್ನ ತಿಂದು ಬೇಸತ್ತ ಜನ ಆ ದನಿಗೆ ಎದ್ದು ಬಂದಿದ್ದರು. ಗುಡದಪ್ಪನ ಗಿರಣಿಗೆ ಕೀಲಿ ಇತ್ತು, ದನಿ ಮೈಲಾರಿಯ ಮನೆಯಿಂದ ಬರುತ್ತಿತ್ತು. ಮೈಲಾರಿ ಹೊಸ ಗಿರಣಿ ಹಾಕಿದನೆಂದು ಅವರು ತಿಳಿದುಕೊಂಡದ್ದರಲ್ಲಿ ತಪ್ಪಿರಲಿಲ್ಲ.

ಸುದ್ದಿ ಗುಡದಪ್ಪನಿಗೂ ಮುಟ್ಟಿತು. ಅವನು ಬಂದವನೇ ಚಪ್ಪಲಿ ಕಳಚಿ, ಸಾವಿನ ಮನೆಗೆ ಬಂದಷ್ಟು ಶಾಂತವಾಗಿ ಮಾತಾಡಿದ.

"ನನ್ನ ಮೋಟಾರ್ ಸುಟ್ಟ ವಾರಕ್ಕ ನೀ ಗಿರಣಿ ಹಾಕಿದಿ. ಅದನ್ನ ಸುಟ್ಟಾವ್ರು ಯಾರು ಅಂತ ನಾ ಕೇಳಬೇಕಾಗೈತಿ, ಮೈಲಾರಿ."

ಮೈಲಾರಿ ಗಿಟಾರು ತೋರಿಸಿದ. ಗುಡದಪ್ಪ ನಂಬಲಿಲ್ಲ. ಅಡುಗೆ ಮನೆ ನೋಡಿದ, ಬಚ್ಚಲು ನೋಡಿದ, ಮಂಚದ ಕೆಳಗೆ ಬಗ್ಗಿ ನೋಡಿದ. ಹಿಟ್ಟಿನ ಪುಡಿ ಎಲ್ಲೂ ಕಾಣದೆ ತಿರುಗಿ ಬಂದು, ಹಾಗಾದರೆ ಇದನ್ನು ಹೊಡೆದು ತೋರಿಸು ಅಂದ. ಮೈಲಾರಿ ಮೀಟಿದ. ಗುಡದಪ್ಪ ತಲೆ ಬಾಗಿಸಿ ಕೇಳಿದ.

"ಅಗದಿ ನನ್ನ ಗಿರಣಿ ದನಿ. ಆದ್ರ ಎರಡು ತಂತಿ ಕಡದಾವು ನೋಡು. ಹಾಕಿಸ್ಕೋ."

ಹೆಂಗಸರು ಗೊಣಗುತ್ತ ಚದುರಿದರು. ತಂದ ಭಾರವನ್ನು ಮತ್ತೆ ಹೊರುವುದು ಬೇಡವೆಂದು ಕೆಲವರು ಡಬ್ಬಿಗಳನ್ನು ಅಂಗಳದಲ್ಲೇ ಬಿಟ್ಟು, ಇವತ್ತಲ್ಲ ನಾಳೆ ಬೀಸಿ ಇಡಲು ಹೇಳಿ ಹೋದರು. ಪತ್ರದ ವಿಷಯ ತಿಳಿದ ಗುಡದಪ್ಪ, ತನ್ನ ಮಾತನ್ನೇ ಬರೆದುಕೋ, ಗಿರಣಿಯ ಹೆಸರನ್ನೂ ಹಾಕು ಎಂದು ಉದಾರನಾದ. ಮೈಲಾರಿ ಬಹಳ ಹೊತ್ತು ಯೋಚಿಸಿದ. ಕೇಳಿದವರು ಕೇಳಿದ್ದು ನಿಜ, ಹೇಳಿದ್ದೂ ನಿಜ. ಆದರೆ ಕಪಾಟಿಗೆ ಅಂಗೈ ಹಚ್ಚಿ ನಿಂತಿದ್ದ ಮುದುಕನಿಗೆ, ನೀ ಮಾಡಿದ್ದು ಗಿರಣಿ ಎಂದು ಹೇಗೆ ಬರೆಯುವುದು?

ಒಬ್ಬಳು ಮಾತ್ರ ಹೋಗಿರಲಿಲ್ಲ. ಅಕ್ಬರಸಾಬನ ಹೆಂಡತಿ ಮಾಬುಬಿ, ಡಬ್ಬಿಯ ಮೇಲೆ ಕೈಯಿಟ್ಟು ಗಿಟಾರನ್ನೇ ನೋಡುತ್ತಿದ್ದಳು. ಅಣ್ಣಿಗೇರಿಯಿಂದ ಈ ಊರಿಗೆ ಸೊಸೆಯಾಗಿ ಬಂದವಳು.

"ಅಣ್ಣಾ, ನಮ್ಮಣ್ಣನ ಮದುವ್ಯಾಗ ಇದನ್ನ ನೀ ಬಾರಿಸಿದ್ದಿ ಅಲ್ಲ?"

ಮೈಲಾರಿ ಹೌದೆಂದು ತಲೆಯಾಡಿಸಿದ.

"ಹಾಡು ಯಾವ್ಯಾವ ಹಾಡಿದ್ರಂತ ನೆನಪಿಲ್ಲ. ಈ ಗುಂಯ್ ಅನ್ನೂದು ನೆನಪೈತಿ. ನಾವು ಹೆಣ್ಮಕ್ಕಳು ಪೆಂಡಾಲದ ಹಿಂದ ಕುಂತಿದ್ವಿ. ಎದ್ಯಾಗ ಬಂದ ಕುಂತಂಗ ಆಗಿತ್ತು. ಮದುವಿ ಅಂದ ಕೂಡ್ಲೆ ಇವತ್ತಿಗೂ ನನಗ ಅದ ಕೇಳತೈತಿ."

ಮಹಾನಂದಾ ತಾನಾಗಿಯೇ ಹೋಗಿ ಕಾಗದ, ಪೆನ್ನು ತಂದುಕೊಟ್ಟಳು. ಮೈಲಾರಿ ಗಿಟಾರನ್ನು ಮೊಣಕಾಲ ಮೇಲೆ ಅಡ್ಡ ಇಟ್ಟುಕೊಂಡು, ಅದರ ಮೇಲೆಯೇ ಕಾಗದ ಹರಡಿ ಬರೆದ. ಅಣ್ಣಿಗೇರಿಯ ಒಂದು ಮದುವೆಯಲ್ಲಿ ನುಡಿಸಿದೆನೆಂದೂ, ಕೇಳಿದ ಹೆಣ್ಣುಮಗಳೊಬ್ಬಳು ಅದನ್ನು ಇಂದಿಗೂ ಮರೆತಿಲ್ಲವೆಂದೂ, ಅವಳ ಮಾತನ್ನು ಅವಳು ಆಡಿದಂತೆಯೇ ಬರೆದ. ತನ್ನ ಮಾತು ಸೇರಲಿಲ್ಲವೆಂದು ಗುಡದಪ್ಪ ಮುನಿಸಿಕೊಂಡು ಹೋದ. ಮೈಲಾರಿ ಪತ್ರ ಮಡಚಿ, ಲಕೋಟೆಗೆ ಹಾಕಿ, ಬಾಯಿ ಅಂಟಿಸಿ, ಎರಡು ಸಲ ಒತ್ತಿದ.

ಹೊರಗೆ ಯಲ್ಲೇಶನ ಗಾಡಿ ಬಂದು ನಿಂತಿತು. ಮೈಲಾರಿ ಲಕೋಟೆ ಹಿಡಿದು ಡಬ್ಬಿಗಳ ನಡುವೆ ದಾರಿ ಮಾಡಿಕೊಂಡು ಹೋದ. ಮಾಬುಬಿ ತನ್ನ ಡಬ್ಬಿಯನ್ನು ತಲೆಗೇರಿಸುತ್ತ ಹಿಂದಿನಿಂದ ಇನ್ನೊಂದು ಮಾತು ಸೇರಿಸಿದಳು.

"ನಿಂದ ಬಾಳ ತಾಕತ್ತು ಅಣ್ಣಾ. ಉಳದಾವ್ರೆಲ್ಲಾ ಬಾರಸೂದು ಬಿಟ್ಟು ಊಟಕ್ಕ ಕುಂತ್ರು. ನೀನೂ ಅವ್ರ ಬಾಜುಕ ಕುಂತು ಬಿರಿಯಾನಿ ಉಣ್ಣಾಕತ್ತಿದ್ದಿ. ಆದ್ರೂ ಅದು ನಿಂದರಲೇ ಇಲ್ಲ ನೋಡು."

ಮೈಲಾರಿ ನಿಂತುಬಿಟ್ಟ. ಅವತ್ತು ಅಣ್ಣಿಗೇರಿಯಲ್ಲಿ ಕರೆಂಟು ಹೋಗಿತ್ತು. ಪೆಂಡಾಲಿನ ಹಿಂದೆ, ಹೆಣ್ಣುಮಕ್ಕಳು ಕುಳಿತಿದ್ದ ಕಡೆಗೇ, ಬಾಡಿಗೆಯ ಜನರೇಟರ್ ಇಟ್ಟಿದ್ದರು. ಊಟ ಮುಗಿದು ಪಾತ್ರೆ ತೊಳೆಯುವವರೆಗೂ ಅದು ಒಂದೇ ಸಮನೆ ಗುಂಯ್ ಅನ್ನುತ್ತ ನಡೆದಿತ್ತು.

ಯಲ್ಲೇಶ ಗಾಡಿಯ ಮೇಲಿಂದಲೇ ಕೈ ಚಾಚಿದ್ದ. ಎಷ್ಟು ಹೊತ್ತಾದರೂ ಕೈಗೆ ಏನೂ ಬಾರದ್ದರಿಂದ, ಕೊಡುವುದಿದ್ದರೆ ಕೊಡು, ಹೆಬಸೂರಿನ ಟಪಾಲು ಇನ್ನೂ ಬಾಕಿ ಇದೆ ಎಂದ.

"ಯಾಕ ಅಣ್ಣಾ," ಮಾಬುಬಿಯ ಮುಖ ಸಣ್ಣದಾಯಿತು, "ನಾ ಏನರ ತಪ್ಪ ಹೇಳಿದ್ನೇನು?"

ಮೈಲಾರಿ ಅವಳ ಕಡೆ ತಿರುಗಿದ. ಡಬ್ಬಿಯ ಭಾರಕ್ಕೆ ಕತ್ತು ನೆಟ್ಟಗೆ ಮಾಡಿ ನಿಂತಿದ್ದಳು.

"ಇಲ್ಲವ್ವಾ. ಬರೋಬರಿ ಹೇಳಿದಿ," ಎಂದ.

ಲಕೋಟೆಯ ಬಾಯನ್ನು ಹೆಬ್ಬೆರಳಿನಿಂದ ಇನ್ನೊಮ್ಮೆ ಒತ್ತಿ ಯಲ್ಲೇಶನ ಕೈಗೆ ಕೊಟ್ಟ. ಯಲ್ಲೇಶ ಅದನ್ನು ಚೀಲಕ್ಕೆ ಹಾಕಿ ಗಾಡಿ ಚಾಲೂ ಮಾಡಿಕೊಂಡು ಹೋದ.